ಷರಾ ಖಾನೆಯಲ್ಲಿ ನಾನು ಬರೆದದ್ದು

ನಾನು ಮತ್ತು ನನ್ನ ಗೆಳತಿ ಕೆಂಪು ಬಾಳೆಹಣ್ಣಿನ ವ್ಯಾಪಾರ ಶುರು ಮಾಡಿದ್ದು ಎರಡು ನೋಟ್‌ಬುಕ್ಕುಗಳಿಂದ. ಒಂದು ಕಮಲಾಪುರದಲ್ಲಿ ನನ್ನ ಹತ್ತಿರ ಇರುತ್ತಿತ್ತು, ಇನ್ನೊಂದು ಕಲಬುರಗಿಯಲ್ಲಿ ಅವಳ ಹತ್ತಿರ. ಯಾರ ತೋಟದಲ್ಲಿ ಎಷ್ಟು ಗೊನೆ ಬಲಿತಿವೆ ಎಂದು ನಾನು ಬರೆಯುತ್ತಿದ್ದೆ. ಯಾವ ಅಂಗಡಿಗೆ, ಯಾವ ಮದುವೆಮನೆಗೆ ಎಷ್ಟು ಹಣ್ಣು ಬೇಕು ಎಂದು ಅವಳು ಬರೆಯುತ್ತಿದ್ದಳು. ಸಂಜೆ ಫೋನಿನಲ್ಲಿ ಎರಡನ್ನೂ ತಾಳೆ ನೋಡುತ್ತಿದ್ದೆವು. ತಾಳೆಯಾದ ದಿನಗಳು ಕಡಿಮೆ.

ನಾವಿಬ್ಬರೂ ಕಲಬುರಗಿಯ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ಬಿ.ಕಾಂ. ಓದಿದವರು. ಅವಳ ಮನೆ ಊರ ನಡುವಿನ ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ. ತಾಯಿಯ ಜತೆ ಮರಾಠಿಯಲ್ಲಿ ಶುರು ಮಾಡಿದ ಮಾತನ್ನು ನನ್ನ ಕಡೆ ತಿರುಗುವಷ್ಟರಲ್ಲಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ನಾನು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ತಪ್ಪಿದ ದಿನ ಅವಳ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಮುಂದೆ ನನಗೆ ನಮ್ಮೂರಿನಲ್ಲೇ ಮದುವೆಯಾಯಿತು. ನನ್ನ ಗಂಡ ಹೈಸ್ಕೂಲ್ ಮಾಸ್ತರು. ಅವಳಿಗೂ ಮದುವೆಯಾಯಿತು, ಆದರೆ ಗಂಡ ಬಿಟ್ಟುಹೋದ. ಅದೇ ಓಣಿಯ ಮನೆಗೆ ತಾಯಿಯ ಹತ್ತಿರ ವಾಪಸು ಬಂದಳು. ಕೊರೊನಾ ಮುಗಿದ ಮೇಲಿನ ವರ್ಷ ಒಂದು ದಿನ ನಮ್ಮ ತೋಟದ ಹಣ್ಣು ತಿನ್ನುತ್ತಾ ಕೂತಿದ್ದಾಗ ಅವಳೇ ಕೇಳಿದಳು.

"ಇಂಥಾ ಹಣ್ಣು ನಮ್ಮ ಊರಾಗ ಅರ್ಧ ಮಂದಿಗಿ ಗೊತ್ತಿಲ್ಲ. ನೀ ಕಡಿಸಿ ಕಳಸು, ನಾ ಮಾರ್ತೀನಿ. ಮಾಡೂಣೇನು?"

ಮಾಡೋಣ ಎಂದೆ. ಪಾಲುದಾರಿಕೆಯ ಕಾಗದ ಮಾಡಿಸಿದ್ದೀರಾ ಎಂದು ನನ್ನ ಗಂಡ ಒಮ್ಮೆ ಕೇಳಿದ್ದಕ್ಕೆ ನಾನು ಅವರ ಮೇಲೆ ರೇಗಿದ್ದು ನೆನಪಿದೆ. ಕಲಬುರಗಿಯ ಅಂಚಿನ ಕುಸನೂರಿನಲ್ಲಿ ಅವಳ ಸಂಬಂಧಿಕರ ಗೋಡೌನ್ ಬಾಡಿಗೆಗೆ ಸಿಕ್ಕಿತು. ಅದರಲ್ಲಿ ಹಣ್ಣು ಮಾಗಿಸುವ ತಂಪು ಕೋಣೆ ಕಟ್ಟಿಸಿದೆವು. ಗೋಡೌನಿನ ಬಾಡಿಗೆ ಕರಾರು ಅವಳ ಹೆಸರಿನಲ್ಲಿ ಇದ್ದದ್ದರಿಂದ ವ್ಯಾಪಾರದ ನೋಂದಣಿಯೂ ಅವಳ ಹೆಸರಿನಲ್ಲೇ ಆಯಿತು. ನಾನು ಅದರ ಬಗ್ಗೆ ಯೋಚಿಸಲೂ ಇಲ್ಲ.

ಕೆಂಪು ಬಾಳೆಯ ಒಂದು ಕಷ್ಟ ಹೇಳಬೇಕು. ಬೇರೆ ಬಾಳೆ ಹಸಿರಿನಿಂದ ಹಳದಿಗೆ ತಿರುಗಿ ತಾನೇ ಹೇಳುತ್ತದೆ. ಇದು ಎಳೆಗಾಯಿ ಇದ್ದಾಗಲೂ ಕೆಂಪೇ. ಗಿಡ ಒಂದೂವರೆ ವರ್ಷ ಕಾಯಿಸುತ್ತದೆ, ಒಂದೇ ತೋಟದಲ್ಲಿ ಎಲ್ಲಾ ಗೊನೆಯೂ ಒಟ್ಟಿಗೆ ಬಲಿಯುವುದಿಲ್ಲ. ಕಾಯಿಯ ಅಂಚು ಎಷ್ಟು ದುಂಡಗಾಗಿದೆ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಅದನ್ನು ನನಗೆ ಕಲಿಸಿದವರು ಹಳೇ ಬಾವಿ ತೋಟದ ಕಾಕಾ. ನನ್ನ ತಂದೆಯ ಗೆಳೆಯರು, ತಂದೆ ಹೋದ ಮೇಲೆ ನಮ್ಮ ತೋಟವನ್ನೂ ಎರಡು ವರ್ಷ ನೋಡಿಕೊಂಡವರು. ಹೀಗಾಗಿ ಯಾವ ತೋಟಕ್ಕೆ ಯಾವಾಗ ಹೋಗಬೇಕು ಎನ್ನುವುದು ನನ್ನ ತಲೆಯಲ್ಲಿ ಇತ್ತು. ಅದೇ ನನ್ನ ಬಂಡವಾಳ.

ಮೊದಲ ವರ್ಷವೇ ಒಂದು ಮದುವೆಯ ಹಣ್ಣು ಹಾಳಾಯಿತು. ಅವಳ ನೋಟ್‌ಬುಕ್ಕಿನಲ್ಲಿ ಅದೇ ದಿನಕ್ಕೆ ಎರಡು ಕಡೆಯ ಬೇಡಿಕೆ ಇತ್ತು, ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಇತ್ತು. ಇನ್ನೊಂದಕ್ಕೆ ಬಲಿಯದ ಗೊನೆ ಕಡಿಸಿ ಕಳಿಸಿದೆ. ಕಲ್ಯಾಣ ಮಂಟಪದಲ್ಲಿ ಹೆಣ್ಣಿನ ತಂದೆ ಎಲ್ಲರೆದುರು ಒಂದು ಹಣ್ಣು ಮುರಿದು ಅವಳ ಕೈಗೆ ಕೊಟ್ಟು, "ತಿನ್ರಿ, ನೀವೇ ತಿನ್ರಿ" ಅಂದರಂತೆ. ಅವಳು ಗೋಡೌನಿಗೆ ಬಂದು ಖಾಲಿ ಕ್ರೇಟಿನ ಮೇಲೆ ಕೂತು ಅತ್ತಳು. ಎರಡು ವಾರದ ನಂತರ ಕೋಣೆಯ ತೇವ ಸೋರಿ ಅವಳ ನೋಟ್‌ಬುಕ್ಕೇ ನೆನೆದು ಮುದ್ದೆಯಾಯಿತು.

"ಸಾಕು ಈ ನೋಟ್‌ಬುಕ್ ಧಂದಾ," ಅಂದಳು. "ಈಗ ಎಲ್ಲಾರೂ ಕ್ಲೌಡ್ ಸಾಫ್ಟ್‌ವೇರ್ ಇಟ್ಟಾರ. ನಾವೂ ತಗೊಳ್ಳೂಣ."

ಸಾಫ್ಟ್‌ವೇರ್ ಕಂಪನಿಯ ಒಬ್ಬ ಮನುಷ್ಯ ಲ್ಯಾಪ್‌ಟಾಪ್ ಹಿಡಿದು ಕುಸನೂರಿಗೆ ಬಂದ. ಖರೀದಿ, ದಾಸ್ತಾನು, ಗಿರಾಕಿ, ಬಿಲ್ಲು ಎಲ್ಲಾ ಒಂದೇ ಕಡೆ ಇರುತ್ತದೆ, ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಒಂದೇ ಹೊತ್ತಿಗೆ ನೋಡಬಹುದು ಎಂದು ತೋರಿಸಿದ. ನಿಮ್ಮ ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ ಮೇಡಂ, ನಮ್ಮ ಸರ್ವರಿನಲ್ಲಿ ಇರುತ್ತದೆ, ಇನ್ನು ನೆನೆಯುವ ಮಾತೇ ಇಲ್ಲ ಅಂದ. ಖಾತೆ ತೆರೆಯಲು ಯಾರ ಇಮೇಲ್ ಹಾಕಲಿ ಎಂದು ಕೇಳಿದ.

"ಆಕಿದೇ ಹಾಕ್ರಿ," ಅಂದವಳು ನಾನೇ. "ನನ್ನ ಇಮೇಲಿನ ಪಾಸ್‌ವರ್ಡ್ ನನಗೇ ನೆನಪಿರಂಗಿಲ್ಲ."

ಮೂವರೂ ನಕ್ಕೆವು. ಅವಳು ಅಡ್ಮಿನ್ ಆದಳು, ನಾನು ಯೂಸರ್ ಆದೆ. ಆ ಎರಡು ಪದಗಳ ನಡುವಿನ ವ್ಯತ್ಯಾಸ ಏನು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಅದು ನಮ್ಮ ವ್ಯಾಪಾರವನ್ನು ಉಳಿಸಿತು. ಅವಳು ಜಗತ್‌ನಲ್ಲಿ ಒಂದು ಅಂಗಡಿಯ ಬೇಡಿಕೆ ಬರೆದುಕೊಂಡರೆ ಮರುಕ್ಷಣ ಕಮಲಾಪುರದಲ್ಲಿ ನನ್ನ ಫೋನು ಕಿಣಿ ಅನ್ನುತ್ತಿತ್ತು. ನಾನು ಗೊನೆ ಕಡಿಸಿ ತೂಕ ಹಾಕಿದ ಕೂಡಲೇ ಅವಳಿಗೆ ಎಷ್ಟು ಮಾಲು ಬರುತ್ತಿದೆ ಎಂದು ಗೊತ್ತಾಗುತ್ತಿತ್ತು. ಯಾವ ತೋಟದ ಹಣ್ಣು ಯಾವ ಅಂಗಡಿಗೆ ಹೋಯಿತು, ಯಾವುದು ಬೇಗ ಕಪ್ಪಾಯಿತು ಎಂದು ಆರು ತಿಂಗಳ ನಂತರವೂ ಹುಡುಕಬಹುದಿತ್ತು. ನಮ್ಮ ನಡುವಿನ ಸಂಜೆಯ ಜಗಳ ನಿಂತಿತು. ಹಾಗೆಯೇ ಸಂಜೆಯ ಫೋನೂ ನಿಂತಿತು. ಅದನ್ನು ನಾನು ಆಗ ಗಮನಿಸಲಿಲ್ಲ.

ತೊಂದರೆಗಳೂ ಇದ್ದವು. ತೋಟದೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಫೋನು ಹಿಡಿದು ಡಾಂಬರು ರಸ್ತೆಯವರೆಗೆ ನಡೆದು ಬಂದು ನಿಂತರೆ ಬೆಳಗ್ಗೆಯಿಂದ ಬರೆದದ್ದು ಒಂದೊಂದಾಗಿ ಮೇಲೆ ಹೋಗುತ್ತಿತ್ತು. ಹಳೇ ಬಾವಿ ತೋಟದ ಕಾಕಾ ಅದನ್ನು ನೋಡಿ ನಗುತ್ತಿದ್ದರು. ಕ್ಲೌಡ್ ಅಂದರೆ ಮೋಡ ಎಂದು ನಾನೇ ಹೇಳಿಕೊಟ್ಟಿದ್ದೆ.

"ಏನವ್ವಾ, ನಿನ್ನ ಮೋಡ ಇವತ್ತ ಎಲ್ಲಿ ನಿಂತದ? ಹುಮನಾಬಾದ್ ರೋಡಿಗೇನು?"

ಪ್ರತಿ ತೋಟಕ್ಕೂ ಸಾಫ್ಟ್‌ವೇರಿನಲ್ಲಿ ಒಂದು ಪುಟ ಇತ್ತು. ಎಷ್ಟು ಗಿಡ, ಯಾವಾಗ ನೆಟ್ಟದ್ದು, ಹೂ ಬಿಟ್ಟದ್ದು ಯಾವಾಗ, ನೀರು ಎಲ್ಲಿಂದ. ಪುಟದ ಕೊನೆಯಲ್ಲಿ ಷರಾ ಎಂದು ಒಂದು ಖಾಲಿ ಖಾನೆ. ಅಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಗೆಳತಿಯೇ ಒತ್ತಾಯ ಮಾಡುತ್ತಿದ್ದಳು. "ನಿನ್ನ ತಲ್ಯಾಗ ಇದ್ದದ್ದೆಲ್ಲಾ ಅಲ್ಲಿ ಹಾಕು. ನಾಳೆ ನೀ ಊರಿಗಿ ಹೋದ್ರ ನಂಗ ಗೊತ್ತಾಗಬೇಕಲ್ಲ."

ನಾನು ಹಾಕಿದೆ. ಈ ಮನೆಗೆ ಒಂಬತ್ತರ ಮೊದಲು ಹೋಗಬಾರದು, ಪೂಜೆ ಮುಗಿದಿರುವುದಿಲ್ಲ. ಇಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ, ತೂಕ ಬೇರೆ ಬೇರೆ ಮಾಡಬೇಕು. ಇಲ್ಲಿ ಗಂಡನ ಜತೆ ಮಾತಾಡಿ ಉಪಯೋಗವಿಲ್ಲ, ನಿರ್ಧಾರ ಹೆಂಡತಿಯದು. ಬರೆಯುತ್ತಾ ಬರೆಯುತ್ತಾ ಅದು ನನಗೆ ರೂಢಿಯಾಯಿತು. ಚಹಾ ಕುಡಿಯುವಾಗ ಅವರು ಹೇಳಿದ ಸಂಗತಿಗಳನ್ನೂ ರಸ್ತೆಗೆ ಬಂದು ನಿಂತು ಬರೆಯುತ್ತಿದ್ದೆ. ಯಾರಿಗೆ ಯಾವಾಗ ಅವಸರ, ಯಾರು ಯಾವುದಕ್ಕೆ ಹೆದರುತ್ತಾರೆ, ಎಲ್ಲ. ನಲವತ್ತೊಂದು ತೋಟ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಒಂದು ಸಲ ಗಂಡನಿಗೆ ತೋರಿಸಿ ಹೆಮ್ಮೆಯನ್ನೂ ಪಟ್ಟೆ.

ಸಾಫ್ಟ್‌ವೇರ್ ತಗೊಂಡ ಮೂರನೇ ವರ್ಷದ ಶ್ರಾವಣದಲ್ಲಿ ತೋಟದ ಕಾಲುವೆ ದಾಟುವಾಗ ಜಾರಿ ಬಿದ್ದು ನನ್ನ ಹಿಮ್ಮಡಿಯ ಮೂಳೆ ಮುರಿಯಿತು. ಆರು ವಾರ ಹಾಸಿಗೆ. ಹಬ್ಬಗಳ ಹಂಗಾಮು, ಎಲ್ಲಾ ಮುಳುಗಿತು ಎಂದುಕೊಂಡೆ. ಮುಳುಗಲಿಲ್ಲ. ಅವಳು ಕಲಬುರಗಿಯಲ್ಲಿ ಕೂತು ನನ್ನ ಪುಟಗಳನ್ನು ನೋಡಿ ಕಡಿಯುವವರಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಯಾವ ಗೊನೆ ಯಾವ ವಾರ ಎಂದು ಹೂವಿನ ತಾರೀಖಿನಿಂದ ಸಾಫ್ಟ್‌ವೇರೇ ಲೆಕ್ಕ ಹಾಕಿ ಕೊಡುತ್ತಿತ್ತು. ಹಣ್ಣು ತಗೊಂಡು ನನ್ನನ್ನು ನೋಡಲು ಬಂದಾಗ ಅವಳ ಮುಖ ಅರಳಿತ್ತು.

"ಒಂದು ಗೊನಿ ಹಾಳಾಗಿಲ್ಲ ನೋಡು. ನೀ ಬರದಿಟ್ಟದ್ದು ಏನು ಕೆಲಸ ಮಾಡ್ತಂತಿ!"

ನಾನೂ ಖುಷಿಪಟ್ಟೆ. ಆ ಖುಷಿಯನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದೀಪಾವಳಿಯ ನಂತರ ಸಾಫ್ಟ್‌ವೇರ್ ಕಂಪನಿ ಬಾಡಿಗೆ ಏರಿಸಿತು. ಒಬ್ಬೊಬ್ಬ ಬಳಕೆದಾರರಿಗೆ ಇಷ್ಟಿಷ್ಟು ಎಂದು. ಅವಳು ಅದರ ಬಗ್ಗೆ ಎರಡು ಮೂರು ಸಲ ಗೊಣಗಿದಳು. ನಾನು ಅಷ್ಟಾಗಿ ಕಿವಿಗೊಡಲಿಲ್ಲ.

ಮಾಘ ಮಾಸದ ಒಂದು ಬೆಳಗ್ಗೆ ಇಬ್ಬರು ಕಡಿಯುವವರನ್ನು ಕರೆದುಕೊಂಡು ಒಂದು ತೋಟಕ್ಕೆ ಹೋಗಿದ್ದೆ. ಎಷ್ಟು ಗೊನೆ ಬೇಕು ಎಂದು ನೋಡಲು ಫೋನು ತೆಗೆದರೆ ಪರದೆಯ ಮೇಲೆ ಒಂದೇ ಸಾಲು. ಈ ಪುಟವನ್ನು ನೋಡಲು ನಿಮಗೆ ಅನುಮತಿ ಇಲ್ಲ. ನೆಟ್‌ವರ್ಕ್ ಇಲ್ಲದ್ದಕ್ಕೆ ಎಂದುಕೊಂಡು ರಸ್ತೆಗೆ ನಡೆದೆ. ಅಲ್ಲಿಯೂ ಅದೇ ಸಾಲು. ಫೋನು ಬಂದ್ ಮಾಡಿ ತೆರೆದೆ. ಪಾಸ್‌ವರ್ಡ್ ಮತ್ತೆ ಹಾಕಿದೆ. ಅದೇ ಸಾಲು. ಗೆಳತಿಗೆ ಫೋನು ಮಾಡಿದರೆ ಎತ್ತಲಿಲ್ಲ. ನಾಲ್ಕನೇ ಸಲಕ್ಕೆ ಮೀಟಿಂಗಿನಲ್ಲಿದ್ದೇನೆ ಎಂದು ಸಂದೇಶ ಬಂತು. ನಮ್ಮ ಹಣ್ಣಿನ ವ್ಯಾಪಾರಕ್ಕೆ ಎಂಥ ಮೀಟಿಂಗು?

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಬೆಂಗಳೂರಿನ ಕನ್ನಡ ಮಾತಾಡುವ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡಳು.

"ನಿಮ್ಮ ಲಾಗಿನ್ ನಿನ್ನೆ ತೆಗೆದುಹಾಕಿದ್ದಾರೆ ಮೇಡಂ. ದಯವಿಟ್ಟು ನಿಮ್ಮ ಸಂಸ್ಥೆಯ ಅಡ್ಮಿನ್ ಅವರನ್ನು ಸಂಪರ್ಕಿಸಿ."

"ಅದು ನನ್ನ ಸಂಸ್ಥಾರೀ. ಇಬ್ಬರದೂ ಅರ್ಧರ್ಧ ಅದ."

"ನಮ್ಮಲ್ಲಿ ನೀವು ಯೂಸರ್ ಅಂತ ಇದೆ ಮೇಡಂ. ಮಾಲೀಕರು ಅಂತ ಒಬ್ಬರದೇ ಇಮೇಲ್ ಇದೆ."

"ಅದರಾಗ ಬರದದ್ದೆಲ್ಲಾ ನಂದು. ಮೂರು ವರ್ಷ ಬರದೀನಿ. ನಾ ಬರದದ್ದಾದ್ರೂ ನಂಗ ಕೊಡ್ರಿ."

"ಕ್ಷಮಿಸಿ ಮೇಡಂ. ಮಾಹಿತಿ ಖಾತೆಯ ಮಾಲೀಕರಿಗೆ ಸೇರುತ್ತೆ. ಇನ್ನೇನಾದರೂ ಸಹಾಯ ಬೇಕಿತ್ತಾ?"

ಅವಳ ತಪ್ಪೇನೂ ಇರಲಿಲ್ಲ. ಕಡಿಯುವವರಿಗೆ ಇವತ್ತು ಕೆಲಸವಿಲ್ಲ ಎಂದು ಹೇಳಿ ಅವರ ದಿನಗೂಲಿ ಕೊಟ್ಟು, ಕಲಬುರಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳ ಪರವಾಗಿ ನಾನೇ ಕಾರಣ ಹುಡುಕಿದೆ. ಬಾಡಿಗೆ ಉಳಿಸಲು ಮಾಡಿರಬೇಕು. ತಪ್ಪಿ ಬೆರಳು ತಾಗಿರಬೇಕು. ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹಿಡಿದು ಕುಸನೂರಿಗೆ ಹೋಗುವವರೆಗೂ ಒಂದಲ್ಲ ಒಂದು ಕಾರಣ ಸಿಗುತ್ತಲೇ ಇತ್ತು.

ಗೋಡೌನಿನ ಎದುರು ಗುರುತಿಲ್ಲದ ಕಾರು ನಿಂತಿತ್ತು. ಒಳಗೆ ಇಬ್ಬರು ಗಂಡಸರು ಮಾಗಿಸುವ ಕೋಣೆಯ ಅಳತೆ ತೆಗೆಯುತ್ತಿದ್ದರು. ಅವಳು ನನ್ನನ್ನು ನೋಡಿ ಎದ್ದು ನಿಂತಳು, ಕುರ್ಚಿ ಎಳೆದಳು.

"ಕೂಡು. ಬಿಸಲಾಗ ಬಂದೀದಿ. ನೀರು ಕುಡಿ."

"ನನ್ನ ಲಾಗಿನ್ ಯಾಕ ತೆಗದಿ?"

ಅವಳು ಆ ಇಬ್ಬರ ಕಡೆ ನೋಡಿ, ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಬಂದಳು.

"ಫೋನಿನಾಗ ಹೇಳೂ ಮಾತಲ್ಲ ಅಂತ ಸುಮ್ನಿದ್ದೆ. ಒಂದು ದೊಡ್ಡ ಹಣ್ಣಿನ ಕಂಪನಿ ಬಂದದ. ಗೋಡೌನು, ಗಿರಾಕಿ, ಎಲ್ಲಾ ಅವರೇ ತಗೋತಾರ. ನನ್ನ ಇಲ್ಲಿ ಮ್ಯಾನೇಜರ್ ಅಂತ ಇಟ್ಕೋತಾರ."

"ನಾನು?"

"ಅವರಿಗಿ ಒಬ್ಬರೇ ಸಾಕಂತ."

"ತೋಟದ ಮಾಹಿತಿ?"

ಅವಳು ತಡೆದು ಹೇಳಿದಳು. "ಅದಕ್ಕೇ ಅವರು ಬಂದದ್ದು. ಇಷ್ಟು ಪದ್ಧತಶೀರ್, ಸಾಲಾಗಿ ಬರದಿಟ್ಟ ಮಾಹಿತಿ ಎಲ್ಲೂ ನೋಡಿಲ್ಲ ಅಂದ್ರು."

ನಾನು ಒಳಗೆ ಅಳತೆ ತೆಗೆಯುತ್ತಿದ್ದವರ ಕಡೆ ನೋಡಿದೆ. ಅವಳೇ ಮಾತಾಡಿದಳು. "ನೀ ಆರು ವಾರ ಮನ್ಯಾಗ ಮಲಗಿದ್ದಿ. ಏನೂ ನಿಲ್ಲಲಿಲ್ಲ. ಅವತ್ತೇ ನಂಗ ಗೊತ್ತಾತು. ನಿನಗ ತೋಟ ಅದ, ಮಾಸ್ತರ ಪಗಾರ ಅದ. ನಂಗ ಏನದ ಹೇಳು? ಅವ್ವನ ಔಷಧಕ್ಕ ನಾ ಯಾರ್ನ ಕೇಳ್ಲಿ? ನಿನ್ನ ದುಡ್ಡು ಪೂರಾ ವಾಪಸ್ ಕೊಡ್ತೀನಿ, ಒಂದು ಪೈಸಾ ಇಟ್ಕೊಳ್ಳಂಗಿಲ್ಲ."

"ಕೇಳಿದ್ರ ನಾ ಬ್ಯಾಡ ಅಂತಿದ್ನೇನು?"

"ಅಂತಿದ್ದಿ," ಅಂದಳು. "ತೋಟದವ್ರ ಮಾತು ಹೊರಗ ಹೋಗಬಾರ್ದು ಅಂತಿದ್ದಿ. ನಿನ್ನ ನಾ ಬಲ್ಲೆ."

ಮುಂದಿನ ವಾರವೇ ಹಣ ಕೊಟ್ಟಳು. ಅದರಲ್ಲಿ ಅವಳು ನನಗೆ ಮೋಸ ಮಾಡಲಿಲ್ಲ. ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕೇಳಿದಾಗ ಅವರು, ನೀವು ಪಾಲುದಾರರು ಎನ್ನುವುದಕ್ಕೆ, ಈ ಕೆಲಸ ನಿಮ್ಮದು ಎನ್ನುವುದಕ್ಕೆ ಬರವಣಿಗೆಯಲ್ಲಿ ಏನಿದೆ ಎಂದು ಕೇಳಿದರು. ಎಲ್ಲಾ ಸಾಫ್ಟ್‌ವೇರಿನಲ್ಲೇ ಇದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ಹದಿನೈದು ದಿನ ನನಗೆ ನನ್ನ ಗಾಯವೊಂದೇ ಕಾಣುತ್ತಿತ್ತು. ಅಡುಗೆ ಮಾಡುವಾಗ, ಬಟ್ಟೆ ಒಣಗಿಸುವಾಗ ಅವಳ ಜತೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ಇಪ್ಪತ್ತೈದು ವರ್ಷದ ಗೆಳೆತನದಲ್ಲಿ ನಾನು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ಅಷ್ಟೇ ಅವಳೂ ಮಾಡಿದ್ದು ನೆನಪಾಗಿ, ಇನ್ನೂ ಸಿಟ್ಟಾಗುತ್ತಿದ್ದೆ. ಗಂಡ ಪಾಲುದಾರಿಕೆಯ ಕಾಗದದ ವಿಷಯ ಎತ್ತಲೇ ಇಲ್ಲ. ಅದು ಅವರ ದೊಡ್ಡ ಗುಣ.

ಕೊನೆಗೊಂದು ದಿನ, ಸ್ವಂತಕ್ಕಾದರೂ ವ್ಯಾಪಾರ ಶುರು ಮಾಡೋಣ ಎಂದು ಮನಸ್ಸು ಗಟ್ಟಿ ಮಾಡಿ ಹಳೇ ಬಾವಿ ತೋಟಕ್ಕೆ ಹೋದೆ. ಕಾಕಾ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಯಾವಾಗಲೂ ದೂರದಿಂದಲೇ ಕೂಗಿ ಕರೆಯುವವರು ಅವತ್ತು ನಾನು ಹತ್ತಿರ ಹೋಗಿ ನಿಂತರೂ ಮಾತಾಡಲಿಲ್ಲ.

"ಕಾಕಾ, ಗೊನಿ ಯಾವಾಗ ಕಡಸ್ತೀರಿ?"

"ಅದು ನಿನಗ ಗೊತ್ತಿರಬೇಕಲ್ಲ," ಅಂದರು. "ಮೊನ್ನೆ ಹಣ್ಣಿನ ಕಂಪನಿಯವರು ಬಂದಿದ್ರು. ಇಬ್ಬರು, ಇಸ್ತ್ರಿ ಅಂಗಿ ಹಾಕ್ಕೊಂಡವರು. ನನ್ನ ಮುಖಾ ನೋಡಿದ್ದು ಅವತ್ತೇ ಮೊದಲು. ಬಂದವರೇ ಏನಂದ್ರು ಗೊತ್ತೇನು? ಮೂಡಣ ನಾಕು ಸಾಲಿಗಿ ಸೊರಗು ರೋಗ ಬಂದದಲ್ಲ ಕಾಕಾ, ಅದನ್ನ ಬಿಟ್ಟು ಉಳದದ್ದಕ್ಕ ಒಂದೇ ರೇಟು ಮಾತಾಡೂಣ ಅಂದ್ರು."

ನಾನು ಕಟ್ಟೆಯ ಇನ್ನೊಂದು ತುದಿಗೆ ಕೂತೆ.

"ಮೊಮ್ಮಗಳ ಲಗ್ನ ವೈಶಾಖದಾಗ ಅದ, ಅದರ ಮೊದಲ ಎಲ್ಲಾ ತಗೊಂಡು ಹೋಗ್ತೀವಿ, ನಿಮಗೂ ಅನುಕೂಲ ಅಂದ್ರು. ರೋಗದ ಮಾತು ನಾ ನನ್ನ ಮಗನಿಗಿ ಸುದ್ದಾ ಹೇಳಿಲ್ಲ. ಹೇಳಿದ್ರ ನಾಳೆ ನನ್ನ ಹತ್ರ ಯಾರು ನೆಡೂ ಕಂದು ತಗೋತಾರ? ಒಬ್ಬರಿಗೇ ಹೇಳೀನಿ."

ಅವರು ನನ್ನ ಮುಖ ನೋಡಿದರು. "ಅದು ನೀ ಬರದದ್ದೇನು?"

ಗೆಳತಿಯ ಮೇಲೆ ಹಾಕಬಹುದಿತ್ತು. ಅವಳು ಕೊಟ್ಟಳು, ನಾನು ಕೊಡಲಿಲ್ಲ ಎನ್ನಬಹುದಿತ್ತು. ಆದರೆ ನಾನು ಬರೆದ ಸಾಲು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ರೋಗದ ಸಂಗತಿ ಯಾರಿಗೂ ಹೇಳಿಲ್ಲ. ಮದುವೆಯ ಅವಸರ, ರೇಟಿಗೆ ಹೆಚ್ಚು ಎಳೆಯುವುದಿಲ್ಲ. ಆ ಕೊನೆಯ ಮಾತನ್ನು ನಾನು ಯಾರಿಗೋಸ್ಕರ ಬರೆದೆ? ನಮಗೋಸ್ಕರ. ನಮಗೆ ಕಡಿಮೆಗೆ ಸಿಗಲಿ ಎಂದೇ.

"ಹೌದ್ರಿ ಕಾಕಾ. ನಾನೇ ಬರದದ್ದು."

ಅವರು ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಒಮ್ಮೆ ಝಾಡಿಸಿ, ಎದ್ದು ತೋಟದೊಳಗೆ ಹೋದರು. ಅವರ ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ.

ಅಲ್ಲಿಯವರೆಗೆ ಮೋಸ ಹೋದವಳು ನಾನು ಎಂದು ತಿಳಿದಿದ್ದೆ. ಆ ಮಧ್ಯಾಹ್ನ ಮನೆಗೆ ನಡೆದು ಬರುವಾಗ, ನನ್ನ ಗೆಳತಿ ಮಾರಿದ್ದು ನನ್ನ ವಸ್ತುವನ್ನಲ್ಲ ಎನ್ನುವುದು ತಿಳಿಯಿತು. ನಲವತ್ತೊಂದು ಮನೆಯವರು ನನ್ನನ್ನು ನಂಬಿ ಹೇಳಿದ್ದನ್ನು ನಾನು ಮೊದಲು ತೆಗೆದುಕೊಂಡೆ, ಅವಳು ಆಮೇಲೆ ಕೊಟ್ಟಳು. ಅವಳ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಗಲಿಲ್ಲ. ಆದರೆ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಹಕ್ಕು ಹೋಯಿತು ಅನ್ನಿಸಿತು.

ಮರುದಿನದಿಂದ ತೋಟ ತೋಟಕ್ಕೆ ಹೋದೆ. ಪ್ರತಿಯೊಬ್ಬರ ಎದುರು ಕೂತು, ನಿಮ್ಮ ಬಗ್ಗೆ ನಾನು ಇಂತಿಂಥದ್ದು ಬರೆದಿದ್ದೆ, ಅದು ಈಗ ಕಂಪನಿಯವರ ಕೈಯಲ್ಲಿದೆ, ಅವರು ಮಾತಿಗೆ ಬಂದಾಗ ಇದು ಗೊತ್ತಿರಲಿ ಎಂದು ಹೇಳಿದೆ. ಎಲ್ಲಾ ಮುಗಿಸಲು ಒಂದು ತಿಂಗಳು ಹಿಡಿಯಿತು.

ಮಾತು ಬಿಟ್ಟ ಅಣ್ಣ ತಮ್ಮಂದಿರಲ್ಲಿ ಅಣ್ಣ ನನ್ನನ್ನು ಅಂಗಳದಿಂದಲೇ ಕಳಿಸಿದ. ತಮ್ಮ, ಅಣ್ಣನ ಬಗ್ಗೆ ಏನು ಬರೆದಿದ್ದೀರಿ ಎಂದು ಕೇಳಲು ನೋಡಿದ. ಒಬ್ಬಾಕೆ, ನಿರ್ಧಾರ ಹೆಂಡತಿಯದು ಎಂದು ನಾನು ಬರೆದದ್ದು ಕೇಳಿ ಬಿದ್ದು ಬಿದ್ದು ನಕ್ಕು ಗಂಡನನ್ನು ಕರೆದಳು. "ಬರ್ರಿಲ್ಲಿ, ಕಂಪ್ಯೂಟರಿಗೂ ಗೊತ್ತಾಗ್ಯದ!" ಅವಳ ನಗು ಆ ತಿಂಗಳಲ್ಲಿ ನಾನು ಕೇಳಿದ ಒಂದೇ ನಗು. ಇನ್ನೊಬ್ಬರು, ಊರಿನ ಹಿರಿಯರು, ಶಾಂತವಾಗಿ ಕೇಳಿದರು. "ಇಷ್ಟೇ ಏನವ್ವಾ? ಮತ್ತೇನಾರ ಬರದೀದೇನು?"

ಮೂರು ವರ್ಷದಲ್ಲಿ ಬರೆದದ್ದು ಎಲ್ಲಾ ಹೇಗೆ ನೆನಪಿರಬೇಕು? ಆ ಪುಟಗಳನ್ನು ಕಂಪನಿಯ ಯಾರು ಬೇಕಾದರೂ ತೆರೆದು ನೋಡಬಹುದು. ಬರೆದ ನಾನು ಮಾತ್ರ ನೋಡುವಂತಿಲ್ಲ. ನೆನಪಿಗೆ ಬಂದಷ್ಟು ಹೇಳಿ ಬಂದೆ. ನೆನಪಿಗೆ ಬಾರದ್ದು ಇನ್ನೂ ಎಲ್ಲೋ ಇದೆ.

ಚೈತ್ರದಲ್ಲಿ ಒಂದು ದಿನ ಗೆಳತಿಯ ಫೋನು ಬಂತು. ಎರಡು ತಿಂಗಳ ನಂತರ ಅವಳ ದನಿ.

"ಹ್ಯಾಂಗಿದ್ದಿ?"

"ಹೇಳು."

"ಕೆಲವು ಪುಟದಾಗ 'ಕೈ ನೋಡು' ಅಂತ ಬರದೀದಿ. ಏನದು? ಇಲ್ಲಿ ಹುಡುಗರು ಕೇಳಾಕತ್ತಾರ."

ಆ ತೋಟಗಳಲ್ಲಿ ಹೂವಿನ ತಾರೀಖು ನಂಬುವಂತಿಲ್ಲ, ನೆಲ ಬೇರೆ, ನೀರು ಬೇರೆ, ಕೈಯಿಂದ ಮುಟ್ಟಿ ನೋಡಿಯೇ ಕಡಿಸಬೇಕು ಎಂದು ಅದರ ಅರ್ಥ. ನಾನು ಹೇಳಲಿಲ್ಲ. ನೆನಪಿಲ್ಲ ಎಂದೆ. ಅದು ಸುಳ್ಳು ಎಂದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. ಆ ಕಡೆ ಅವಳ ತಾಯಿ ಮರಾಠಿಯಲ್ಲಿ ಯಾರು ಎಂದು ಕೇಳಿದ್ದು ಕೇಳಿಸಿತು. ಯಾರೂ ಇಲ್ಲ ಎಂದು ಅವಳು ಹೇಳಿದಳು. ಆಮೇಲೆ ಫೋನು ಕಟ್ಟಾಯಿತು. ಅವಳು ನನಗೆ ಮಾಡಿದ್ದರಲ್ಲಿ ನಾನು ಅತ್ತದ್ದು ಅದೊಂದೇ ಮಾತಿಗೆ.

ಈಗ ಹದಿನೆಂಟು ತೋಟದವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅದನ್ನು ಎತ್ತಿ ನಿಲ್ಲಿಸಿದವಳು ನಕ್ಕ ಆ ಹೆಣ್ಣುಮಗಳು, ನಾನಲ್ಲ. ಉಳಿದವರಲ್ಲಿ ಹೆಚ್ಚಿನವರು ಕಂಪನಿಗೆ ಕೊಡುತ್ತಾರೆ. ಕಂಪನಿ ಕೆಟ್ಟದ್ದು ಎಂದು ಯಾರೂ ಹೇಳುವುದಿಲ್ಲ, ಮಾತು ಕೊಟ್ಟ ದಿನ ಅದರ ಗಾಡಿ ಬರುತ್ತದೆ. ಗುಂಪಿನ ಮೊದಲ ಸಭೆಯಲ್ಲಿ ಅವಳೇ ಸಾಫ್ಟ್‌ವೇರಿನ ಮಾತು ತೆಗೆದಾಗ ನಾನು ಬೇಡ ಎಂದೆ.

"ಬ್ಯಾಡ ಅಂದ್ರ ಹದಿನೆಂಟು ಮಂದಿ ಹಿಸಾಬ್ ನೀವು ತಲ್ಯಾಗ ಇಟ್ಕೋತೀರೇನ್ರಿ?" ಅಂದಳು. "ಮತ್ತ ಒಬ್ಬರ ತಲಿ ಮ್ಯಾಗೇ ಬಿತ್ತಲ್ಲ ಅದು."

ಅವಳ ಮಾತು ಸರಿ ಇತ್ತು. ತೆಗೆದುಕೊಂಡೆವು, ಬೇರೆ ಕಂಪನಿಯದು. ಈ ಸಲ ನಾನು ನೆಲದ ಮೇಲೆ ಕೂತು ಮಾರುವವನನ್ನು ಎರಡು ಗಂಟೆ ಪ್ರಶ್ನೆ ಕೇಳಿದೆ. ಅಡ್ಮಿನ್ ಮೂವರಿದ್ದಾರೆ, ಒಬ್ಬರು ಇನ್ನೊಬ್ಬರನ್ನು ತೆಗೆಯುವಂತಿಲ್ಲ. ಪ್ರತಿ ಶನಿವಾರ ಎಲ್ಲವನ್ನೂ ಇಳಿಸಿ ಪೆನ್‌ಡ್ರೈವಿನಲ್ಲಿ ಇಡುತ್ತೇವೆ. ತಮ್ಮ ಪುಟವನ್ನು ಯಾವ ರೈತರು ಬೇಕಾದರೂ ತಮ್ಮ ಫೋನಿನಲ್ಲಿ ತೆರೆದು ನೋಡಬಹುದು. ಷರಾ ಖಾನೆಯನ್ನು ತೆಗೆಸಿಬಿಡಿ ಎಂದೆ. ತೆಗೆಯಲು ಬರುವುದಿಲ್ಲ, ಖಾಲಿ ಬಿಡಬಹುದು ಎಂದ. ಖಾಲಿ ಬಿಟ್ಟಿದ್ದೇವೆ. ತೊಂದರೆಯೂ ಆಗುತ್ತದೆ. ಮೊನ್ನೆ ಪೂಜೆ ಮುಗಿಯದ ಮನೆಗೆ ಹೊಸ ಕಡಿಯುವವರು ಏಳಕ್ಕೇ ಹೋಗಿ ಬೈಸಿಕೊಂಡು ಬಂದರು.

ಕಾಕಾ ನಮ್ಮ ಗುಂಪಿಗೆ ಸೇರಲಿಲ್ಲ. ಮೊಮ್ಮಗಳ ಮದುವೆಗೆ ನನ್ನ ಗಂಡನನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಈ ವರ್ಷ ಮಳೆಗಾಲದ ಮೊದಲು ಮತ್ತೆ ಒಮ್ಮೆ ಹೋಗಿದ್ದೆ. ರೋಗದ ಸಾಲುಗಳನ್ನು ಕಿತ್ತು ಹಾಕಿ ಅಲ್ಲಿ ತೊಗರಿ ಬಿತ್ತಲು ನೆಲ ಹದ ಮಾಡಿಸಿದ್ದರು. ಉಳಿದ ಗಿಡಗಳಿಗೆ ಆನಿಕೆಯ ಕೋಲು ಕಟ್ಟುತ್ತಿದ್ದರು. ನಾನು ಕೋಲು ಹಿಡಿದೆ, ಅವರು ಕಟ್ಟಿದರು. ಬೇಡ ಎನ್ನಲಿಲ್ಲ. ಐದಾರು ಗಿಡ ಹಾಗೇ ಆಯಿತು.

"ನಮ್ಮ ಗುಂಪಿಗಿ ಬರ್ರಿ ಕಾಕಾ," ಎಂದೆ. "ಈಗ ಅಂಥದ್ದೇನೂ ಬರಿಯಂಗಿಲ್ಲ."

"ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ ನಂದು," ಅಂದರು, ಹಗ್ಗದ ಗಂಟು ಹಲ್ಲಿನಿಂದ ಬಿಗಿ ಮಾಡುತ್ತಾ. "ಸಿಟ್ಟು ಹೋಗ್ಯದ. ಆದ್ರ ಯಾರಿಗಿ ಏನು ಹೇಳೂದೂ ಬಂದ್ ಮಾಡೀನಿ."

ಆಮೇಲೆ ನೀರು ಕುಡಿ ಎಂದು ತಂಬಿಗೆ ಕೊಟ್ಟರು. ಕುಡಿದೆ. ಈ ಸಲದ ಕಾಯಿ ಹೇಗಿದೆ ಎಂದು ನಾನು ಕೇಳಲಿಲ್ಲ. ಇನ್ನೂ ಎರಡು ಗಿಡಕ್ಕೆ ಕೋಲು ಹಿಡಿದು ಕೊಟ್ಟು, ಬಿಸಿಲು ಏರುವ ಮೊದಲು ಮನೆಗೆ ಬಂದೆ.